ಗಾಳಿಯಾಡುವ ಮಣ್ಣು, ಗಾಳಿಯಿಲ್ಲದ ಕೆಸರು

ಹರೂರಿನಿಂದ ಸೇಲಂ ಕಡೆಗೆ ಹೋಗುವ ಹಾದಿಯಲ್ಲಿ ಲಾರಿ ರಿಪೇರಿಯ ಶೆಡ್ಡುಗಳ ಮುಂದಣ ನೆಲವನ್ನು ಕಂಡವರಿಗೆ ಅದರ ಕರಿಯ ಬಣ್ಣದ ಕಾರಣವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬಸಿದುಬಿಟ್ಟ ಇಂಜಿನ್ ಆಯಿಲೂ ಚೆಲ್ಲಿದ ಡೀಸೆಲೂ ವರ್ಷಗಟ್ಟಲೆ ಇಂಗಿ ಕೆಮ್ಮಣ್ಣನ್ನು ಮಸಿಯನ್ನಾಗಿಸಿವೆ. ಅಂತಹ ನೆಲವನ್ನು ಒಂದು ಗೇಣು ಅಗೆದಾಗ, ಮೇಲಣ ಪದರವು ಪುಡಿಪುಡಿಯಾಗಿ ವಾಸನೆಯನ್ನು ಬಹುಮಟ್ಟಿಗೆ ನೀಗಿಕೊಂಡಿರುವುದನ್ನೂ, ಕೆಳಗಣ ಮಣ್ಣು ಮಾತ್ರ ಇನ್ನೂ ಜಿಡ್ಡಾಗಿ ಎಣ್ಣೆಯ ನಾತವನ್ನು ಬಿಡದೆ ಹಿಡಿದಿರುವುದನ್ನೂ ನಾನು ಕಂಡಿದ್ದೇನೆ. ಒಂದೇ ಎಣ್ಣೆ, ಒಂದೇ ಮಣ್ಣು, ಭೇದವೆಲ್ಲ ಗಾಳಿಯದು.

ಗಾಳಿಯಾಡುವ ಮಣ್ಣಿನಲ್ಲಿ ಬಾಳುವ ಸ್ಯೂಡೋಮೊನಾಸ್, ರೋಡೋಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವು ಉಸಿರು ಮಾತ್ರವಲ್ಲ, ಆಯುಧವೂ ಹೌದು. ಎಣ್ಣೆಯಲ್ಲಿನ ಇಂಗಾಲ ಜಲಜನಕಗಳ ಬಿಗಿಯಾದ ಸರಪಳಿಯ ತುದಿಗೆ ಆಮ್ಲಜನಕದ ಒಂದು ಪರಮಾಣುವನ್ನು ಕಿಣ್ವದ ಬಲದಿಂದ ಸಿಕ್ಕಿಸಿ, ಅದನ್ನು ಮೊದಲು ಆಲ್ಕೋಹಾಲನ್ನಾಗಿಯೂ ಬಳಿಕ ಕೊಬ್ಬಿನ ಆಮ್ಲವನ್ನಾಗಿಯೂ ಮಾರ್ಪಡಿಸಿಕೊಂಡ ಮೇಲೆ, ನಮ್ಮ ದೇಹವು ಕಡಲೆಕಾಯಿ ಎಣ್ಣೆಯನ್ನು ಅರಗಿಸಿಕೊಳ್ಳುವ ಕ್ರಮದಲ್ಲಿಯೇ ಅವು ಅದನ್ನು ಅರಗಿಸಿಕೊಳ್ಳುತ್ತವೆ. ಆದರೆ ಈ ಊಟಕ್ಕೆ ತಗಲುವ ಗಾಳಿ ಅಲ್ಪವಲ್ಲ. ಒಂದು ಗ್ರಾಂ ಎಣ್ಣೆ ಪೂರ್ಣವಾಗಿ ಅರಗಿಹೋಗಲು ಸುಮಾರು 3.5 ಗ್ರಾಂ ಆಮ್ಲಜನಕ ಬೇಕು; 30 ಡಿಗ್ರಿ ಉಷ್ಣತೆಯ ನೀರಿನಲ್ಲಿ ಲೀಟರಿಗೆ ಕರಗಿರಬಲ್ಲುದು ಏಳೂವರೆ ಮಿಲಿಗ್ರಾಂ ಮಾತ್ರ. ಎಂದರೆ ಒಂದು ಲೀಟರ್ ಎಣ್ಣೆಯು ಮೂರೂವರೆ ಲಕ್ಷ ಲೀಟರಿಗೂ ಮಿಕ್ಕ ನೀರಿನ ಪ್ರಾಣವಾಯುವನ್ನು ಬರಿದುಮಾಡಬಲ್ಲುದು! ಉಣ್ಣುವ ಜೀವಿಗಳೇ ತಮ್ಮ ಊಟದ ಭರದಲ್ಲಿ ತಮ್ಮ ಉಸಿರನ್ನು ಮುಗಿಸಿಕೊಂಡು, ತಾವಿದ್ದ ಠಾವನ್ನು ಬೇರೊಂದು ಕುಲಕ್ಕೆ ತೆರವು ಮಾಡಿಕೊಡುತ್ತವೆ.

ಆ ಬೇರೆ ಕುಲವನ್ನು ನಮ್ಮ ರೈತರು ಹೆಸರರಿಯದೆಯೇ ಬಲ್ಲರು. ವಾಣಿಯಾರು ಹೊಳೆಯ ನೀರು ನಿಂತ ಗದ್ದೆಯಲ್ಲಿ ಕಾಲಿಟ್ಟೊಡನೆ ಗುಳ್ಳೆಗಳೇಳುವುದೂ, ಕೆರೆಯ ಹೂಳನ್ನು ಕೆದಕಿದಲ್ಲಿ ಕೊಳೆತ ಮೊಟ್ಟೆಯ ನಾತ ಬರುವುದೂ ಅವುಗಳ ಉಸಿರಾಟದ ಗುರುತುಗಳೇ. ಆಮ್ಲಜನಕ ತೀರಿದೊಡನೆ ನೈಟ್ರೇಟನ್ನೂ, ಅದು ತೀರಿದಲ್ಲಿ ಮ್ಯಾಂಗನೀಸು ಕಬ್ಬಿಣಗಳನ್ನೂ, ಬಳಿಕ ಸಲ್ಫೇಟನ್ನೂ ಉಸಿರಾಡುವ ಬೇರೆ ಬೇರೆ ಜೀವಿಗಳು ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಬರುತ್ತವೆ. ಕಟ್ಟಕಡೆಗೆ ಉಳಿಯುವುವು ಮೀಥೇನನ್ನು ಬಿಡುವಂಥವು. ಗಾಳಿಯಿಲ್ಲದೆಯೂ ಜೀವವುಂಟೆಂಬುದನ್ನು ಲೂಯಿ ಪಾಶ್ಚರ್ 1861ರಲ್ಲಿಯೇ ತೋರಿಸಿದ್ದರೂ, ಆ ಜೀವಿಗಳು ಶಿಲಾತೈಲವನ್ನೂ ಉಣ್ಣಬಲ್ಲವೆಂಬುದನ್ನು ವಿದ್ವಾಂಸರು ಬಹುಕಾಲ ಸಂದೇಹಿಸುತ್ತಲೇ ಇದ್ದರು. 1991ರಲ್ಲಿ ಜರ್ಮನಿಯ ಫ್ರೀಡ್ರಿಶ್ ವಿಡ್ಡೆಲ್ ಮತ್ತವರ ಸಂಗಡಿಗರು ಸಲ್ಫೇಟನ್ನು ಉಸಿರಾಡಿ ಎಣ್ಣೆಯ ಸರಪಳಿಯನ್ನು ಮುರಿಯುವ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿ ತೋರಿದ ಮೇಲೆ ಆ ಸಂದೇಹ ನೀಗಿತು. ಆದರೆ ಇವುಗಳ ಕೆಲಸ ಬಲು ನಿಧಾನ. ಅಮೆರಿಕದ ಮಿನಸೋಟದ ಬೆಮಿಜಿಯಲ್ಲಿ 1979ರ ಆಗಸ್ಟಿನಲ್ಲಿ ಕೊಳವೆಯೊಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾತೈಲ ಹರಿಯಿತು. ತೆಗೆಯಲಾಗದೆ ನೆಲದಡಿಯಲ್ಲಿ ಉಳಿದುದನ್ನು ಕಬ್ಬಿಣವನ್ನು ಉಸಿರಾಡುವ ಜಿಯೋಬ್ಯಾಕ್ಟರಿನಂಥವೂ ಮೀಥೇನಿನ ಕುಲದವೂ ಹೇಗೆ ತಿನ್ನುತ್ತಿವೆಯೆಂಬುದನ್ನು ವಿಜ್ಞಾನಿಗಳು ದಶಕಗಳಿಂದ ಅಳೆಯುತ್ತ ಕುಳಿತಿದ್ದಾರೆ.

ಎಣ್ಣೆ ಚೆಲ್ಲಿದಲ್ಲೆಲ್ಲ ಬ್ಯಾಕ್ಟೀರಿಯಾದ ಪುಡಿಯನ್ನು ಎರಚಿದರೆ ಸಾಕೆಂಬ ನಂಬಿಕೆಯನ್ನು ನಾನು ಒಪ್ಪಲಾರದಿರುವುದು ಗಾಳಿಯಿಲ್ಲದಲ್ಲಿ ಈ ಕೆಲಸ ಹೀಗೆ ನಿಧಾನವಾಗುವ ಕಾರಣದಿಂದಲೇ. ಬಂಗಾಳದಲ್ಲಿ ಹುಟ್ಟಿದ ಆನಂದಮೋಹನ ಚಕ್ರವರ್ತಿಯವರು ರೂಪಿಸಿದ, 1980ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪೇಟೆಂಟಿಗೆ ಅರ್ಹವೆಂದು ತೀರ್ಪಿತ್ತ ಎಣ್ಣೆ ಉಣ್ಣುವ ಆ ಪ್ರಸಿದ್ಧ ಜೀವಿಯೂ ಸ್ಯೂಡೋಮೊನಾಸ್ ಕುಲದ್ದೇ. ಗಾಳಿ ಸುಳಿಯದ ಕೆಸರು ಅದರ ಬೀಡಲ್ಲ. ಶೆಡ್ಡಿನ ಮುಂದಣ ಮಣ್ಣಿಗಾದರೋ ಉಪಾಯ ಸುಲಭ: ರಾಗಿಯ ಹೊಲದಂತೆ ಮತ್ತೆ ಮತ್ತೆ ತಿರುವಿಹಾಕಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಹದವಾದ ತೇವವನ್ನು ಕಾಪಾಡಿದರೆ ಅಲ್ಲಿರುವ ಜೀವಿಗಳೇ ತಮ್ಮ ಕಾರ್ಯವನ್ನು ತೊಡಗುತ್ತವೆ.

ನಮ್ಮ ತಮಿಳುನಾಡಿನ ಕಡಲ ಕರೆಯ ಎಣ್ಣೂರಿನಲ್ಲಿ ಮಾತ್ರ ನೇಗಿಲಿಗೆ ಎಡೆಯಿಲ್ಲ. 2017ರ ಜನವರಿ 28ರಂದು ಎರಡು ಹಡಗುಗಳು ಢಿಕ್ಕಿ ಹೊಡೆದು ಎಣ್ಣೆ ದಡಕ್ಕೆ ಬಂದಾಗ ಜನರು ಬಕೆಟ್ಟುಗಳಲ್ಲಿ ಅದನ್ನು ಮೊಗೆದು ತೆಗೆದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಡನೆ ಬಂದ ಎಣ್ಣೆಯು ಅಳಿವೆಯ ಒಳಕ್ಕೆ ನುಗ್ಗಿ ಬೆಸ್ತರ ದೋಣಿ ಬಲೆಗಳನ್ನೂ ಕಾಂಡ್ಲಾ ಗಿಡಗಳನ್ನೂ ಬಳಿದುಬಿಟ್ಟಿತು. ಅಳಿವೆಯ ಕೆಸರಿನಲ್ಲಿ ಗಾಳಿಯಿರುವುದು ಮೇಲಣ ತೆಳುಪದರದಲ್ಲಿ ಮಾತ್ರ. ಅದರಿಂದ ಕೆಳಗೆ ಅಷ್ಟಿಷ್ಟು ಆಮ್ಲಜನಕವನ್ನು ಮುಟ್ಟಿಸುವುವು, ನೆಲದಿಂದ ಬೆರಳುಗಳಂತೆ ಮೇಲಕ್ಕೆ ಚಾಚಿಕೊಂಡಿರುವ ಆ ಗಿಡಗಳ ಉಸಿರುಬೇರುಗಳೇ. ಎಣ್ಣೆ ಮೆತ್ತಿಕೊಳ್ಳುವುದು ಆ ಬೇರುಗಳಿಗೆ. ಮುಚ್ಚಿಹೋಗುವುದು ಅವುಗಳ ಮೈಯ ಸಣ್ಣ ರಂಧ್ರಗಳು. ಅವನ್ನು ಒಂದೊಂದಾಗಿ ಒರೆಸಿ ತೆರೆಯುವ ತನಕ, ಎಣ್ಣೆಯನ್ನು ಬೇಗನೆ ಉಣ್ಣಬಲ್ಲ ಜೀವಿಗಳಿಗೆ ಆ ಕೆಸರಿನೊಳಗೆ ಇಳಿಯಲು ದಾರಿಯಿಲ್ಲ.