ಆಪರೇಷನ್ ಆಯಿತೆಂದು ತಪಾಸಣೆ ಬಿಡಬೇಡಿ

ಉದ್ದನಪಲ್ಲಿ: ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಂಡರೆ ಗರ್ಭಕೋಶದ ಚಿಂತೆ ಮುಗಿಯಿತು ಎಂಬ ನಂಬಿಕೆ ಗಡಿಯ ಈಚೆಗೂ ಇದೆ, ಆಚೆಗೂ ಇದೆ. ‘ಎಲ್ಲಾ ಮುಗೀತಲ್ಲ, ಇನ್ಯಾಕೆ ಆಸ್ಪತ್ರೆಗೆ ಹೋಗೋದು?’ ಎನ್ನುವವರೇ ಹೆಚ್ಚು. ಆದರೆ ಆಪರೇಷನ್ನಿನಲ್ಲಿ ಕಟ್ಟುವುದು ಗರ್ಭನಾಳವನ್ನು ಮಾತ್ರ. ಗರ್ಭಕೋಶದ ಬಾಯಿ, ಅಂದರೆ ಗರ್ಭಕೊರಳು, ಇದ್ದಂತೆಯೇ ಇರುತ್ತದೆ. ಅಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ಆ ಆಪರೇಷನ್ ತಡೆಯುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಮಿಳುನಾಡು ಮತ್ತು ಕರ್ನಾಟಕ ಎರಡರಲ್ಲೂ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಆದವರು. ಅದೇ ಸಮೀಕ್ಷೆಯಲ್ಲಿ ಗರ್ಭಕೊರಳಿನ ತಪಾಸಣೆ ಒಮ್ಮೆಯಾದರೂ ಆದವರು, 30ರಿಂದ 49 ವರ್ಷದವರ ಪೈಕಿ, ತಮಿಳುನಾಡಿನಲ್ಲಿ 100ಕ್ಕೆ ಸುಮಾರು 10. ಇಡೀ ದೇಶದಲ್ಲಿ 2ಕ್ಕೂ ಕಡಿಮೆ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು.

ಕಾರಣ ಒಂದು ವೈರಸ್

ಈ ರೋಗದ ಮೂಲ ಎಚ್‌ಪಿವಿ ಎಂಬ ವೈರಸ್. ದೇಹಸಂಪರ್ಕದಿಂದ ಹರಡುತ್ತದೆ, ಒಬ್ಬನೇ ಗಂಡನೊಂದಿಗೆ ಬಾಳುವೆ ಮಾಡಿದವಳಿಗೂ ಬರಬಹುದು. ಹಾಗಾಗಿ ಯಾರ ನಡತೆಯನ್ನೂ ಇದರಿಂದ ಅಳೆಯುವಂತಿಲ್ಲ. ಬಹುಪಾಲು ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಗರ್ಭಕೊರಳಿನ ಜೀವಕೋಶಗಳನ್ನು ಕೆಡಿಸುತ್ತದೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಗೆದ್ದಲು ಹಿಡಿದ ತೊಲೆಯಂತೆ ಹೊರಗೆ ಏನೂ ಕಾಣದು. ನೋವಿಲ್ಲ, ರಕ್ತಸ್ರಾವವಿಲ್ಲ. ಈ ಪೂರ್ವ ಹಂತದಲ್ಲೇ ಹಿಡಿದರೆ ಕ್ಯಾನ್ಸರ್ ಬಾರದಂತೆ ತಡೆಯಬಹುದು.

ಮಾತ್ರೆಯಿಂದ ಅಪಾಯವೇ?

ದಿನವೂ ನುಂಗುವ ಮಾಲಾ-ಎನ್ ಮಾದರಿಯ ಮಾತ್ರೆಯ ಬಗ್ಗೆ ಭಯ ಇರುವುದು ನಿಜ. 24 ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಲೆಕ್ಕ ಹೀಗಿದೆ: ನಮ್ಮಂಥ ದೇಶಗಳಲ್ಲಿ 20ರಿಂದ 30 ವಯಸ್ಸಿನವರೆಗೆ ಮಾತ್ರೆ ನುಂಗಿದರೆ, 50 ವರ್ಷದೊಳಗೆ ಈ ಕ್ಯಾನ್ಸರ್ ಬರುವವರು 1000ಕ್ಕೆ 7.3 ಇದ್ದದ್ದು 8.3 ಆಗುತ್ತದೆ. ಅಂದರೆ ಸಾವಿರಕ್ಕೆ ಒಬ್ಬರು ಹೆಚ್ಚು. ಮಾತ್ರೆ ಬಿಟ್ಟ ಮೇಲೆ ಅಪಾಯ ಇಳಿಯುತ್ತಾ ಬಂದು 10 ವರ್ಷದಲ್ಲಿ ಇಲ್ಲವಾಗುತ್ತದೆ. ಇದೇ ಮಾತ್ರೆ ಅಂಡಾಶಯದ ಕ್ಯಾನ್ಸರನ್ನು ಕಡಿಮೆ ಮಾಡುತ್ತದೆ ಎಂಬುದೂ ಸಾಬೀತಾಗಿದೆ. ಆದ್ದರಿಂದ ಹೆದರಿ ದಿಢೀರನೆ ಬಿಟ್ಟು, ಬೇಡದ ಬಸಿರು ತಂದುಕೊಳ್ಳುವುದು ಜಾಣತನವಲ್ಲ.

ಕಾಪರ್-ಟಿ ಕ್ಯಾನ್ಸರ್ ತರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. 2011ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಗರ್ಭಕೋಶದೊಳಗಿನ ಇಂಥ ಸಾಧನ ಹಾಕಿಸಿಕೊಂಡಿದ್ದವರಲ್ಲಿ ಈ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧದಷ್ಟೇ ಕಂಡುಬಂತು. ನಿರೋಧ್ ವೈರಸ್ ಹರಡುವುದನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಡೆಯದು. ಯಾವುದನ್ನು ಬಳಸಿದರೂ ತಪಾಸಣೆಗೆ ಬದಲಿ ಇಲ್ಲ.

ಕೆಲವೇ ನಿಮಿಷದ ಕೆಲಸ

ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿಸಿ ಗರ್ಭಕೊರಳಿಗೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಭಾಗವಿದ್ದರೆ ಬೆಳ್ಳಗೆ ಕಾಣುತ್ತದೆ. ಮತ್ತು ಬರಿಸುವುದು, ಕೊಯ್ಯುವುದು ಏನೂ ಇಲ್ಲ. ಪೂರ್ವ ಹಂತ ಎಂದು ಗೊತ್ತಾದರೆ ಶೀತ ಅಥವಾ ಶಾಖ ಕೊಟ್ಟು ಆ ಭಾಗವನ್ನಷ್ಟೇ ನಾಶ ಮಾಡುತ್ತಾರೆ; ಸಾಮಾನ್ಯವಾಗಿ ಗರ್ಭಕೋಶ ತೆಗೆಸಬೇಕಿಲ್ಲ. ತಮಿಳುನಾಡಿನದೇ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲಿ ಹೀಗೆ ಒಮ್ಮೆ ತಪಾಸಣೆ ಮಾಡಿದ್ದರಿಂದಲೇ ಈ ರೋಗದ ಸಾವು ಶೇ. 35ರಷ್ಟು ತಗ್ಗಿದ್ದನ್ನು 2007ರ ವರದಿ ತೋರಿಸಿತು.

30ರಿಂದ 65 ವರ್ಷದವರು 5 ವರ್ಷಕ್ಕೊಮ್ಮೆ ಮಾಡಿಸಬೇಕು ಎಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ. ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಇದ್ದರೆ 5 ವರ್ಷ ಕಾಯದೆ ಕೂಡಲೇ ಹೋಗಬೇಕು.

ಮನೆಯಲ್ಲಿ ಕನ್ನಡ ಆಡುವವರಿಗೆ ಇಲ್ಲಿ ಚೀಟಿ ಸಿಗುವುದು ತಮಿಳಿನಲ್ಲೋ ಇಂಗ್ಲಿಷಿನಲ್ಲೋ. ಓದಲು ಬಾರದಿದ್ದರೆ ಸಂಕೋಚ ಬೇಡ. ‘ಏನು ಬಂದಿದೆ, ಮತ್ತೆ ಯಾವಾಗ ಬರಬೇಕು?’ ಎಂದು ನರ್ಸ್ ಬಳಿ ಬಾಯಿಬಿಟ್ಟು ಕೇಳಿಕೊಂಡೇ ಹೊರಡಿ. ಆ ಚೀಟಿಯನ್ನು ಜೋಪಾನವಾಗಿಡಿ. ಮುಂದೆ ಹೊಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕಾಗಿ ಬಂದರೆ ಡಾಕ್ಟರ್ ಮೊದಲು ಕೇಳುವುದು ಅದನ್ನೇ.