ಶಾಸನ ಸಂಪುಟ ಹಿಡಿದು ಶಿಕಾರಿಪುರ ಸೀಮೆಯಲ್ಲಿ

ಒಂದು ಜಿಲ್ಲೆಯ, ಒಂದು ಸೀಮೆಯ ಅಥವಾ ಒಂದೇ ಊರಿನ ಗತಕಾಲವನ್ನು ವಿಷಯವಾಗಿ ಆರಿಸಿಕೊಂಡ ಇತಿಹಾಸ ಗ್ರಂಥಗಳನ್ನು ಸಾಮಾನ್ಯ ಓದುಗರು ಸಂಶೋಧಕರ ಪಾಲಿಗೆ ಬಿಟ್ಟು ದೂರವಿಡುವುದೇ ಹೆಚ್ಚು. ದತ್ತಿಬಿಟ್ಟ ಗದ್ದೆಯ ಅಳತೆ, ಸಾಮಂತರ ಬಿರುದಾವಳಿ, ಶಕವರ್ಷ ಮತ್ತು ಸಂವತ್ಸರಗಳ ಲೆಕ್ಕಾಚಾರ ಇವುಗಳಿಂದ ತುಂಬಿದ ಪುಟಗಳು ಮನೆಯಲ್ಲಿ ಕುಳಿತು ಓದುವವರಿಗೆ ಒಣಕಲಾಗಿ ತೋರುವುದು ಸಹಜವೇ ಆಗಿದೆ. ಆದರೆ ಈ ಗ್ರಂಥಗಳು ಹುಟ್ಟಿದ್ದೇ ಊರೂರು ತಿರುಗಿದವರ ಕಾಲ್ನಡಿಗೆಯಿಂದ. ಆದ್ದರಿಂದ ಅವುಗಳನ್ನು ಅವು ವರ್ಣಿಸುವ ಊರುಗಳಲ್ಲೇ ಬಿಡಿಸಿ ಓದಿದಾಗ, ಮನೆಯಲ್ಲಿ ಕಾಣದಿದ್ದ ಸಂಗತಿಗಳು ಒಂದೊಂದಾಗಿ ತಲೆಯೆತ್ತುತ್ತವೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಇದಕ್ಕೆ ಬಹುಶಃ ಕರ್ನಾಟಕದಲ್ಲೇ ಅತ್ಯುತ್ತಮ ನಿದರ್ಶನವಾಗಿದ್ದು, ತಾಳಗುಂದ, ಬಳ್ಳಿಗಾವೆ, ಬಂದಳಿಕೆ, ಮಳವಳ್ಳಿ ಎಂಬ ನಾಲ್ಕು ಹಳ್ಳಿಗಳ ನಡುವೆ ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸ ಹರಡಿಕೊಂಡಿದೆ.

ಈ ಸೀಮೆಗೆ ಹೊರಡುವವರು ಮೊದಲು ಪರಿಚಯ ಮಾಡಿಕೊಳ್ಳಬೇಕಾದ ಗ್ರಂಥ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಏಳನೆಯ ಸಂಪುಟ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದು, ಮುಂದೆ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದ ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಈ ಮಾಲೆ ಹನ್ನೆರಡು ಸಂಪುಟಗಳಿಗೆ ಬೆಳೆದು, ಸುಮಾರು 9 ಸಾವಿರ ಶಾಸನಗಳ ಪಾಠವನ್ನು ಒಳಗೊಂಡಿತು. ಶಿವಮೊಗ್ಗ ಜಿಲ್ಲೆಯ ಮೊದಲ ಭಾಗವಾದ ಏಳನೆಯ ಸಂಪುಟ 1902ರಲ್ಲಿ ಹೊರಬಂದಿತು. ಸಂಪುಟದ ರಚನೆ ಸರಳವಾಗಿದೆ: ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿ ತಾಲ್ಲೂಕಿನಲ್ಲಿ ಒಂದರಿಂದ ಕ್ರಮಸಂಖ್ಯೆ ಕೊಟ್ಟಿರುವುದರಿಂದ, ವಿದ್ವಾಂಸರು ‘ಶಿಕಾರಿಪುರ 176’ ಎಂದು ಬರೆದರೆ ಅದು ಆ ತಾಲ್ಲೂಕಿನ ಪಟ್ಟಿಯಲ್ಲಿ 176ನೆಯ ಶಾಸನವೆಂದೇ ಅರ್ಥ. ಪ್ರತಿ ಶಾಸನ ಯಾವ ಊರಿನಲ್ಲಿ, ಯಾವ ಗುಡಿಯ ಮುಂದೆ, ಯಾವ ಕೆರೆಯ ಏರಿಯ ಮೇಲೆ ಇದೆ ಎಂಬುದನ್ನು ತಲೆಬರಹದಲ್ಲೇ ಹೇಳಿರುವ ಈ ಪದ್ಧತಿಯಿಂದಾಗಿ, ರೈಸ್ ಅವರ ಉದ್ದೇಶ ಏನೇ ಇದ್ದಿರಲಿ, ಪ್ರವಾಸಿಗೆ ಇದಕ್ಕಿಂತ ನಂಬಿಕಸ್ಥ ಕೈಪಿಡಿ ಇನ್ನೊಂದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಈ ಮಾಲೆಯನ್ನು ಪರಿಷ್ಕರಿಸಿ ಪ್ರಕಟಿಸುತ್ತ ಬಂದಿದ್ದು, ಶಾಸನಗಳ ಭಾಷೆಗೆ ಹೆದರುವವರು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಮೊದಲು ಓದಿದರೆ ಅರ್ಧ ಹೆದರಿಕೆ ಕಳೆಯುತ್ತದೆ.

ಶಿಕಾರಿಪುರದಿಂದ ಶಿರಾಳಕೊಪ್ಪದತ್ತ ಸಾಗಿ ತಾಳಗುಂದಕ್ಕೆ ಹೋದರೆ, ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಂಬವೇ ಆ ‘ಶಿಕಾರಿಪುರ 176’. ದೊಡ್ಡ ಸ್ತಂಭವನ್ನು ನಿರೀಕ್ಷಿಸಿ ಬಂದವರಿಗೆ ಇದು ನಿರಾಸೆಯನ್ನೇ ತರಬಹುದು. ಏಕೆಂದರೆ ಶಾಸನವಿರುವ ಎಂಟು ಮುಖದ ಕಂಬದ ಎತ್ತರ ಒಬ್ಬ ಮನುಷ್ಯನ ಎತ್ತರಕ್ಕಿಂತ ಹೆಚ್ಚಿಲ್ಲ. ಬರಹ ಅಡ್ಡಸಾಲಾಗಿರದೆ ಕಂಬದ ಬುಡದಿಂದ ಮೇಲಕ್ಕೆ ಹತ್ತುತ್ತ ಹೋಗುತ್ತದೆ. ಏಳು ಮುಖಗಳಲ್ಲಿ ಎರಡೆರಡು ಸಾಲುಗಳೂ ಎಂಟನೆಯ ಮುಖದಲ್ಲಿ ಒಂದೇ ಒಂದು ಚಿಕ್ಕ ಸಾಲೂ ಇದ್ದು, ಅಕ್ಷರಗಳನ್ನು ಗುರುತಿಸಬೇಕೆನ್ನುವವರು ಕತ್ತನ್ನು ಓರೆಮಾಡಿಕೊಂಡು ಕಂಬವನ್ನು ಸುತ್ತಬೇಕಾಗುತ್ತದೆ. ಪುಸ್ತಕದಲ್ಲಿ ನೇರ ಸಾಲುಗಳಾಗಿ ಅಚ್ಚಾದ ಪಾಠ ಈ ಸಂಗತಿಯನ್ನು ಓದುಗನಿಗೆ ಕಾಣಿಸುವುದಿಲ್ಲ.

ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತ ಪದ್ಯಗಳಲ್ಲಿ ರಚಿಸಿದ ಈ ಪ್ರಶಸ್ತಿ, ಅಂದರೆ ರಾಜವಂಶವನ್ನು ಕೊಂಡಾಡುವ ಕಾವ್ಯ, ಕದಂಬರ ಮೂಲದ ಬಗ್ಗೆ ನಮಗೆ ತಿಳಿದಿರುವ ಬಹುತೇಕ ಸಂಗತಿಗಳಿಗೆ ಆಧಾರವಾಗಿದೆ. ಮನೆಯ ಬಳಿಯ ಕದಂಬ ವೃಕ್ಷವನ್ನು ಪೋಷಿಸಿದ್ದರಿಂದ ಆ ಹೆಸರು ಪಡೆದ ಬ್ರಾಹ್ಮಣ ಕುಟುಂಬದ ಮಯೂರಶರ್ಮ, ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ, ಅಂದರೆ ಉನ್ನತ ವ್ಯಾಸಂಗದ ಕೇಂದ್ರಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗಿ ಅಪಮಾನಗೊಂಡದ್ದು, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ಶ್ರೀಪರ್ವತದ ಕಾಡು ಸೇರಿ ಬಾಣರಿಂದ ಕಪ್ಪ ವಸೂಲಿ ಮಾಡಿದ್ದು, ಕಡೆಗೆ ಪಲ್ಲವರೇ ಅವನಿಗೆ ರಾಜ್ಯವನ್ನು ಒಪ್ಪಿಸಿ ಪಟ್ಟ ಕಟ್ಟಿದ್ದು ಈ ಕಂಬದ ಮೇಲಿದೆ. ಶಾಲೆಯ ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿದ ಈ ಕಥೆಯನ್ನು ಕಂಬದ ಎದುರು ಮತ್ತೆ ಓದುವವರು ಗಮನಿಸಬೇಕಾದ ಅಂಶವೊಂದಿದೆ. ಶಾಂತಿವರ್ಮ ಮಯೂರಶರ್ಮನಿಂದ ಹಲವು ತಲೆಮಾರು ಈಚಿನವನು. ಆದ್ದರಿಂದ ಇದು ಕಣ್ಣಾರೆ ಕಂಡವರ ವರದಿಯಲ್ಲ, ಸುಮಾರು ಒಂದು ಶತಮಾನದ ನಂತರ ಮನೆತನದವರು ತಮ್ಮ ಮೂಲಪುರುಷನ ಬಗ್ಗೆ ಹೇಳಿಸಿಕೊಂಡ ಮಾತು. ಶಾಸನದಲ್ಲಿ ಕಾಲದ ನಮೂದೂ ಇಲ್ಲ. ಲಿಪಿಯ ರೂಪ ಮತ್ತು ಅರಸರ ವಂಶಾವಳಿಯನ್ನು ಆಧರಿಸಿ ವಿದ್ವಾಂಸರು ಇದನ್ನು ಐದನೆಯ ಶತಮಾನಕ್ಕೆ ಸೇರಿಸಿದ್ದಾರೆ.

ತಾಳಗುಂದದ ನಿಜವಾದ ಸ್ವಾರಸ್ಯ ಇರುವುದು ಇಲ್ಲಿಂದ ಮುಂದೆ. ಇದೇ ಊರಿನ, ಸುಮಾರು ಏಳು ಶತಮಾನಗಳ ನಂತರದ ಶಾಸನಗಳನ್ನು ಸಂಪುಟದಲ್ಲಿ ತೆರೆದು ನೋಡಿದರೆ, ಮಯೂರಶರ್ಮನ ಸುದ್ದಿಯೇ ಹಿಂದೆ ಸರಿದು, ಮುಕ್ಕಣ್ಣ ಕದಂಬನೆಂಬ ಮೂರು ಕಣ್ಣಿನ ಮೂಲಪುರುಷ ಮುಂದೆ ಬಂದು ನಿಲ್ಲುತ್ತಾನೆ. ಅವನು ಉತ್ತರದ ಅಹಿಚ್ಛತ್ರದಿಂದ ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಈ ಸ್ಥಾಣಗುಂದೂರಿನಲ್ಲಿ, ಅಂದರೆ ಇಂದಿನ ತಾಳಗುಂದದಲ್ಲಿ, ನೆಲೆಗೊಳಿಸಿದನೆಂದು ಆ ಶಾಸನಗಳು ಹೇಳುತ್ತವೆ. ಐದನೆಯ ಶತಮಾನದಲ್ಲಿ ಕುಲದ ಹೆಸರಿಗೆ ಅಂಗಳದ ಒಂದು ಮರ ಸಾಕಾಗಿತ್ತು. ಹನ್ನೆರಡನೆಯ ಶತಮಾನದ ಹೊತ್ತಿಗೆ ಶಿವನಂಶದ ಪುರುಷನೇ ಬೇಕಾಯಿತು. ಆ ಕಾಲದ ಅಗ್ರಹಾರದ ಮಹಾಜನರಿಗೆ, ಎಂದರೆ ವಿದ್ಯೆ ಮತ್ತು ಊರಾಡಳಿತಗಳನ್ನು ನಡೆಸುತ್ತಿದ್ದ ಬ್ರಾಹ್ಮಣ ಸಮುದಾಯಕ್ಕೆ, ತಮ್ಮ ಭೂಮಿಯ ಹಕ್ಕು ಬಹು ಪ್ರಾಚೀನವೆಂದು ಸ್ಥಾಪಿಸುವ ಅಗತ್ಯವಿದ್ದಿರಬೇಕು. ಒಂದೇ ಊರು ತನ್ನ ಬಗ್ಗೆ ತಾನು ಹೇಳಿಕೊಂಡ ಕಥೆ ಕಾಲಕಾಲಕ್ಕೆ ಹೇಗೆ ಬದಲಾಯಿತೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳಗಳು ವಿರಳ. ಇತಿಹಾಸವೆಂದರೆ ಒಂದೇ ಸತ್ಯದ ಪಟ್ಟಿಯೆಂದು ನಂಬಿ ಬಂದವರಿಗೆ ಇಲ್ಲಿ ತುಸು ಇರಿಸುಮುರಿಸಾಗುವುದೂ ಒಳ್ಳೆಯದೇ. ಊರಿನ ಮಾತು ಇನ್ನೂ ಮುಗಿದಿಲ್ಲವೆಂಬುದಕ್ಕೆ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 2013ರಲ್ಲಿ ಇದೇ ದೇವಾಲಯದ ಬಳಿ ನಡೆಸಿದ ಉತ್ಖನನದಲ್ಲಿ ಸಿಂಹದ ಆಕಾರದ ಮೆಟ್ಟಿಲ ಕೈಪಿಡಿಗಲ್ಲಿನ ಮೇಲೆ ದೊರೆತ ಬರಹವೇ ಸಾಕ್ಷಿ. ಅದರಲ್ಲಿ ಕನ್ನಡವಿದ್ದು, ಕ್ರಿ. ಶ. 370ರ ಸುಮಾರಿನದೆಂದು ಇಲಾಖೆ ಕಾಲ ಸೂಚಿಸಿದ್ದರಿಂದ, ಕನ್ನಡದ ಮೊದಲ ಶಾಸನವೆಂದು ಹೆಸರಾದ, 450ರ ಸುಮಾರಿನ ಹಲ್ಮಿಡಿ ಶಾಸನಕ್ಕಿಂತ ಇದು ಹಳೆಯದೇ ಎಂಬ ಚರ್ಚೆ ವಿದ್ವಾಂಸರ ನಡುವೆ ಎದ್ದಿತು.

ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವೆ ಬೇರೆಯದೇ ಬಗೆಯ ಊರು. ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗ್ರಾಮ, ಬಲಿಪುರ ಎಂಬ ಹೆಸರುಗಳಿಂದ ಬರುವ ಇದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ಆಡಳಿತ ಕೇಂದ್ರವಾಗಿತ್ತು. ಪ್ರಾಂತದ ಹೆಸರಿಗೆ ಅಂಟಿಕೊಂಡಿರುವ ಇಂಥ ಸಂಖ್ಯೆ ಹಳ್ಳಿಗಳ ಲೆಕ್ಕವೋ, ಆದಾಯದ ಲೆಕ್ಕವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯವೂ, ಕೆಳಭಾಗದ ಪಟ್ಟಿಕೆಗಳಲ್ಲಿ ಪಂಚತಂತ್ರದ ಕಥಾಶಿಲ್ಪಗಳಿರುವ ತ್ರಿಪುರಾಂತಕೇಶ್ವರವೂ ಎಲ್ಲ ಪ್ರವಾಸಿ ಪುಸ್ತಿಕೆಗಳಲ್ಲಿ ಬರುವುದರಿಂದ ಅವುಗಳ ವರ್ಣನೆ ಇಲ್ಲಿ ಬೇಕಿಲ್ಲ. ಪುಸ್ತಿಕೆಗಳು ಎರಡು ಸಾಲಿನಲ್ಲಿ ಮುಗಿಸಿಬಿಡುವ ಭೇರುಂಡ ಸ್ತಂಭದ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಬೇಕು. ಬನವಾಸಿ ಪ್ರಾಂತವನ್ನು ಆಳುತ್ತಿದ್ದ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಈ ಎತ್ತರದ ಕಂಬಕ್ಕೆ ಆ ಹೆಸರು ಬಂದದ್ದು ಮನುಷ್ಯದೇಹ ಮತ್ತು ಎರಡು ಹಕ್ಕಿತಲೆಗಳುಳ್ಳ ಗಂಡಭೇರುಂಡ ಮೂರ್ತಿಯಿಂದ. ಮುಂದೆ ಮೈಸೂರು ಸಂಸ್ಥಾನದ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ಕಾಣುವ ಆ ಹಕ್ಕಿಯ ಹಳೆಯ ರೂಪಗಳಲ್ಲಿ ಇದೂ ಒಂದು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಈ ಭಾಗದ ದತ್ತಿ ಶಾಸನಗಳಲ್ಲಿ ಭೂಮಿಯನ್ನು ‘ಭೇರುಂಡ ಗಳೆ’ಯಿಂದ, ಅಂದರೆ ಭೇರುಂಡದ ಹೆಸರಿನ ಅಳತೆಗೋಲಿನಿಂದ, ಅಳೆದು ಕೊಟ್ಟ ಉಲ್ಲೇಖಗಳು ಸಿಗುತ್ತವೆ. ಅರಸನ ಕೀರ್ತಿಗಾಗಿ ನಿಂತ ಕಂಬದ ಹೆಸರು ರೈತನ ಗದ್ದೆಯ ಅಳತೆಗೂ ಇಳಿದದ್ದು ಸಂಪುಟವನ್ನು ಜೊತೆಗಿಟ್ಟುಕೊಳ್ಳದವರಿಗೆ ತಿಳಿಯುವ ದಾರಿಯಿಲ್ಲ.

ಕೇದಾರೇಶ್ವರಕ್ಕೆ ಸೇರಿದ್ದ ಕೋಡಿಯ ಮಠ ಕಾಳಾಮುಖರದು. ಕಾಳಾಮುಖರೆಂದರೆ ಆ ಕಾಲದಲ್ಲಿ ಕರ್ನಾಟಕದಲ್ಲಿ ಪ್ರಬಲವಾಗಿದ್ದ ಶೈವ ಯತಿಗಳ ಒಂದು ಪಂಥ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ (ಶಿಕಾರಿಪುರ 102) ಈ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದರ ಉದ್ದನೆಯ ಪಟ್ಟಿ ಕೊಡುತ್ತದೆ. ವೇದಗಳ ಪಾಠ, ಹಲವು ವ್ಯಾಕರಣಗಳ ವ್ಯಾಖ್ಯಾನ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಭ್ಯಾಸವಷ್ಟೇ ಅಲ್ಲದೆ, ದೀನರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಕೊನೆಗೆ ಜೈನ ಕ್ಷಪಣಕರು ಹೀಗೆ ಎಲ್ಲರಿಗೂ ಅಲ್ಲಿ ಅನ್ನವಿತ್ತು. ಅನಾಥ ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಶಾಸನಗಳು ಹೊಗಳಿಕೆಯಲ್ಲಿ ಕೈ ಬಿಗಿಹಿಡಿಯುವುದಿಲ್ಲವೆಂಬ ಎಚ್ಚರಿಕೆ ಇಲ್ಲಿಯೂ ಬೇಕಾದರೂ, ಹೊಗಳಲು ಆರಿಸಿಕೊಂಡ ಗುಣಗಳೇ ಆ ಕಾಲದ ಆದರ್ಶವನ್ನು ಹೇಳುತ್ತವೆ. ಇದೇ ಊರಿನಲ್ಲಿ ಹನ್ನೊಂದನೆಯ ಶತಮಾನದ ನಡುವೆ ದಂಡನಾಯಕ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿ ತಾರಾ ಭಗವತಿಯನ್ನು ಸ್ಥಾಪಿಸಿದ್ದನ್ನು ಇನ್ನೊಂದು ಶಾಸನ ದಾಖಲಿಸಿದ್ದು, ಕನ್ನಡ ನಾಡಿನಲ್ಲಿ ಬೌದ್ಧಧರ್ಮ ಎಂದೋ ಅಳಿದುಹೋಗಿತ್ತೆಂಬ ಸರಳ ನಂಬಿಕೆಯನ್ನು ಅದು ಅಲುಗಿಸುತ್ತದೆ. ಅಲ್ಲಮಪ್ರಭು ಹುಟ್ಟಿದ್ದು ಇಲ್ಲೇ ಎಂಬುದು ಪರಂಪರೆಯ ಮಾತು. ಅಕ್ಕಮಹಾದೇವಿಯ ಉಡುತಡಿಯೂ ದೂರವಿಲ್ಲ.

ಊರಿಂದೂರಿಗೆ ಹೋಗುವಾಗ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ, ಕೆಲವೊಮ್ಮೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ವೀರಗಲ್ಲುಗಳು ಕಾಣಸಿಗುತ್ತವೆ. ಇವುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು: ತಳದ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ತಳದಲ್ಲಿ ದನಗಳ ಸಾಲಿದ್ದರೆ ಅದು ತುರುಗೋಳಿನ, ಅಂದರೆ ದನಗಳ ಅಪಹರಣದ, ಸಂದರ್ಭದಲ್ಲಿ ನಡೆದ ಹೋರಾಟ. ಮಡಚಿದ ಒಂದು ತೋಳು ಮಾತ್ರ ಕಂಬದಿಂದ ಹೊರಚಾಚಿ ಬಳೆ ತೊಟ್ಟಿದ್ದರೆ ಅದು ಮಾಸ್ತಿಕಲ್ಲು. ಗಂಡನೊಡನೆ ಸಹಗಮನ ಮಾಡಿದ ಹೆಣ್ಣಿನ ನೆನಪು. ಹೆಸರಿಲ್ಲದ ಕಲ್ಲುಗಳೇ ಹೆಚ್ಚು.

ಬಂದಳಿಕೆಯ ಶಾಸನವೊಂದು (ಶಿಕಾರಿಪುರ 219) ಮಾಸ್ತಿಕಲ್ಲುಗಳಿಗೆ ಎದುರಾದ ಚಿತ್ರ ಕೊಡುತ್ತದೆ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಹತ್ತನೆಯ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ, ಎಂದರೆ ಆ ನಾಡಿನ ಮುಖ್ಯಸ್ಥನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ, ಆ ಹುದ್ದೆ ಅವನ ಹೆಂಡತಿ ಜಕ್ಕಿಯಬ್ಬೆಗೆ ದೊರೆಯಿತು. ಸಹಗಮನದ ಪ್ರಸ್ತಾಪವಿಲ್ಲ, ಆಕೆ ನಾಡನ್ನು ಸಮರ್ಥವಾಗಿ ಆಳಿದಳೆಂದೂ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತಹಿಡಿದು ದೇಹ ಬಿಟ್ಟಳೆಂದೂ ಶಾಸನ ಹೇಳುತ್ತದೆ. ಮಾಸ್ತಿಕಲ್ಲುಗಳನ್ನು ಕಂಡು ಆ ಕಾಲದ ಹೆಂಗಸರ ಬಾಳಿನ ಬಗ್ಗೆ ತೀರ್ಪು ಕೊಟ್ಟುಬಿಡುವವರು ಬಂದಳಿಕೆಯವರೆಗೂ ಬಂದು ಹೋಗುವುದು ಮೇಲು. ಶಾಂತಿನಾಥ ಬಸದಿ, ತ್ರಿಮೂರ್ತಿ ಮತ್ತು ಸೋಮೇಶ್ವರ ದೇವಾಲಯಗಳು ಇಲ್ಲಿ ಗಿಡಗಂಟಿಗಳ ನಡುವೆ ದೂರದೂರವಾಗಿ ನಿಂತಿದ್ದು, ಬಳ್ಳಿಗಾವೆಯಷ್ಟು ಜನ ಇತ್ತ ಬರುವುದಿಲ್ಲ.

ಊರ ಹಿರಿಯರು ಹೇಳುವ ಕಥೆಗಳನ್ನೂ ಸ್ಥಳಪುರಾಣಗಳನ್ನೂ ಶಾಸನದ ಬಲದಿಂದ ತಳ್ಳಿಹಾಕುವ ಚಪಲ ಹೊಸ ಓದುಗರಿಗೆ ಬರುವುದುಂಟು. ಆದರೆ ಕರ್ನಲ್ ಮೆಕೆಂಜಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಊರೂರಿನ ಶಾನುಭೋಗರಿಂದ, ಹಿರಿಯರಿಂದ ಬರೆಸಿ ಸಂಗ್ರಹಿಸಿದ ಕೈಫಿಯತ್ತುಗಳು, ಅಂದರೆ ಸ್ಥಳೀಯ ವೃತ್ತಾಂತಗಳು, ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದು, ಇಂಥ ಮಾತುಗಳನ್ನು ಹೇಗೆ ತೂಗಬೇಕೆಂಬುದಕ್ಕೆ ಒಳ್ಳೆಯ ಅಭ್ಯಾಸ ಒದಗಿಸುತ್ತವೆ. ಮುಕ್ಕಣ್ಣನ ಕಥೆಯೂ ಒಂದು ಕಾಲಕ್ಕೆ ಇಂಥ ಊರಮಾತೇ ಆಗಿದ್ದು, ಆಮೇಲೆ ಕಲ್ಲಿಗೆ ಏರಿದ್ದಿರಬಹುದು.

ಇನ್ನು ಮಳವಳ್ಳಿ. ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೂ ಇದೇ ಹೆಸರಿನದಾದ್ದರಿಂದ ದಾರಿ ಕೇಳುವಾಗ ‘ಶಿಕಾರಿಪುರದ ಮಳವಳ್ಳಿ’ ಎಂದೇ ಹೇಳಬೇಕು. ಇಲ್ಲಿನ ಒಂದೇ ಕಂಬದ ಮೇಲೆ ಎರಡು ಪ್ರಾಕೃತ ಶಾಸನಗಳಿವೆ (ಶಿಕಾರಿಪುರ 263 ಮತ್ತು 264): ಮೊದಲನೆಯದು ಬನವಾಸಿಯನ್ನು ಕದಂಬರಿಗಿಂತ ಮೊದಲು ಆಳಿದ ಚುಟು ಮನೆತನದ ಸಾತಕರ್ಣಿಯದು, ಎರಡನೆಯದು ಆರಂಭದ ಕದಂಬರದು. ಹಿಂದಿನ ಅರಸ ದೇವರಿಗೆ ಬಿಟ್ಟಿದ್ದು ನಡುವೆ ನಿಂತುಹೋಗಿದ್ದ ದತ್ತಿಯನ್ನು ಹೊಸ ಅರಸ ಮತ್ತೆ ಊರ್ಜಿತಗೊಳಿಸಿದ್ದೇ ಎರಡನೆಯ ಶಾಸನದ ವಿಷಯ. ರಾಜ್ಯ ಕೈಬದಲಾದ ಮೇಲೆ ಹೊಸಬರು ಹಳೆಯ ಕಂಬವನ್ನು ಕೀಳಿಸದೆ, ಅದರಲ್ಲೇ ಉಳಿದಿದ್ದ ಜಾಗದಲ್ಲಿ ತಮ್ಮ ಆಜ್ಞೆಯನ್ನು ಕೊರೆಸಿದ್ದಾರೆ. ತಾಳಗುಂದದ ಕಂಬಕ್ಕಿಂತ ಇದು ಹಳೆಯದಾದ್ದರಿಂದ, ಕಾಲಕ್ರಮದಲ್ಲಿ ಸೀಮೆಯನ್ನು ನೋಡಬಯಸುವವರು ಇಲ್ಲಿಂದಲೇ ಪ್ರವಾಸ ಆರಂಭಿಸಬಹುದು.