‘ಎಸ್’ ಎಂದರೆ ಯಾವ ಹೌದು?

ಕೆಲವು ವರ್ಷಗಳ ಹಿಂದಿನ ಮಾತು. ರಾಯಬಾಗ ತಾಲೂಕಿನ ನಮ್ಮ ಅಲಖನೂರದಿಂದ ಚಿಗವ್ವನನ್ನು ಶಸ್ತ್ರಚಿಕಿತ್ಸೆಗೆಂದು ಗಡಿಯಾಚೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ರಾತ್ರಿಯಿಂದ ಆಕೆ ಒಂದು ತುತ್ತನ್ನೂ ಬಾಯಿಗೆ ಇಟ್ಟಿರಲಿಲ್ಲ. ಬೆಳಿಗ್ಗೆ ಅರಿವಳಿಕೆ ಕೊಡುವ ವೈದ್ಯರು ಬಂದರು. ಬಹುಕಾಲ ಇಂಗ್ಲೆಂಡಿನಲ್ಲಿದ್ದು ಮರಳಿದವರು. ಕನ್ನಡವಾಗಲಿ ಮರಾಠಿಯಾಗಲಿ ಅವರಿಗೆ ಬಾರದು. ‘ಹ್ಯಾಸಂಟ್ ಷಿ ಈಟನ್ ಎನಿಥಿಂಗ್?’ ಎಂದು ಕೇಳಿದರು. ನಾನು ವಿನಯದಿಂದ ‘ಎಸ್ ಸರ್’ ಎಂದೆ. ಅವರು ಹುಬ್ಬು ಗಂಟಿಕ್ಕಿ, ಕಾಗದದ ಮೇಲೆ ಏನೋ ಗೀಚಿ ಹೊರಟುಹೋದರು. ಅರ್ಧ ಗಂಟೆಯ ತರುವಾಯ ಸುದ್ದಿ ಬಂದಿತು: ರೋಗಿ ಉಂಡಿದ್ದಾಳೆ, ಶಸ್ತ್ರಚಿಕಿತ್ಸೆ ನಾಳೆಗೆ.

‘ಅಲ್ಲೋ ತಮ್ಮಾ, ನಾ ಏನೂ ತಿಂದಿಲ್ಲಂತ ನೀ ಹೇಳಲಿಲ್ಲೇನ?’ ಎಂದಳು ಚಿಗವ್ವ.

‘ಹೇಳೇನವ್ವಾ, ಎಸ್ ಅಂದೇನಿ’ ಎಂದೆ.

ನನ್ನ ‘ಎಸ್’ ಮನಸ್ಸಿನಲ್ಲಿ ‘ಹೌದು, ತಿಂದಿಲ್ಲ’ ಎಂಬುದಾಗಿತ್ತು. ಅವರ ಕಿವಿಗೆ ಅದು ‘ತಿಂದಿದ್ದಾಳೆ’ ಎಂದು ಮುಟ್ಟಿತು. ಒಂದು ದಿನದ ಉಪವಾಸ ಹೆಚ್ಚಾಯಿತು, ಅಷ್ಟೇ. ಇದೇ ತಪ್ಪು ತಿರುಗುಮುರುಗಾಗಿದ್ದರೆ? ಆಕೆ ನಿಜವಾಗಿ ತಿಂದಿದ್ದು, ‘ಇಲ್ಲ, ತಿಂದಾಳ’ ಎಂಬ ಅರ್ಥದಲ್ಲಿ ನಾನು ಬರಿಯ ‘ನೋ’ ಎಂದಿದ್ದರೆ, ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಟ್ಟುಬಿಡುತ್ತಿದ್ದರು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಅಂದಿನಿಂದ ಈ ಎರಡಕ್ಷರದ ಮಾತನ್ನು ನಾನು ಹಗುರವಾಗಿ ಆಡಿಲ್ಲ.

ತೊಡಕು ಎಲ್ಲಿದೆ ನೋಡಿರಿ. ನಮ್ಮ ಕಡೆ ಒಬ್ಬರು ‘ಚಿಂಚಲಿ ಜಾತ್ರಿಗೆ ಬರೂದಿಲ್ಲೇನ?’ ಎಂದು ಕೇಳಿದರೆ, ಬಾರದವನು ‘ಹೌದ, ಬರೂದಿಲ್ಲ’ ಎನ್ನುತ್ತಾನೆ. ಈ ‘ಹೌದು’ ಜಾತ್ರೆಯ ಕುರಿತದ್ದಲ್ಲ, ಕೇಳಿದವನ ಊಹೆಯ ಕುರಿತದ್ದು: ನೀನು ಎಣಿಸಿದ್ದು ಸರಿ ಎಂದು ಅರ್ಥ. ಇಂಗ್ಲಿಷಿನ ‘ಎಸ್’ ಕೇಳಿದವನನ್ನು ನೋಡುವುದೇ ಇಲ್ಲ. ನಡೆದ ಸಂಗತಿಯನ್ನಷ್ಟೇ ನೋಡುತ್ತದೆ. ಬರುವುದಾದರೆ ‘ಎಸ್’, ಬಾರದಿದ್ದರೆ ‘ನೋ’. ಪ್ರಶ್ನೆಯಲ್ಲಿ ‘ನಾಟ್’ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಮ್ಮ ನೆರೆಯ ಮರಾಠಿಗರೂ ನಮ್ಮಂತೆಯೇ ‘ಹೋ’ ಎಂದು ಊಹೆಗೆ ಒಪ್ಪಿಗೆ ಕೊಡುವವರು. ದೂರದ ಜಪಾನಿಗಳದೂ ಇದೇ ರೀತಿ. ಆದುದರಿಂದ ಇದು ನಮ್ಮ ಅಜ್ಞಾನವೆಂದು ನಾಚಬೇಕಾಗಿಲ್ಲ.

ಇಂಗ್ಲಿಷರಿಗೂ ಒಂದು ಕಾಲಕ್ಕೆ ನಾಲ್ಕು ಶಬ್ದಗಳಿದ್ದವು. ನೇರವಾದ ಪ್ರಶ್ನೆಗೆ ‘ಯೇ’ ಮತ್ತು ‘ನೇ’. ನಕಾರವುಳ್ಳ ಪ್ರಶ್ನೆಗೆ ‘ಎಸ್’ ಮತ್ತು ‘ನೋ’. ಸರ್ ಥಾಮಸ್ ಮೋರ್ 1532ರಲ್ಲಿ ಬೈಬಲಿನ ಅನುವಾದಕ ವಿಲಿಯಂ ಟಿಂಡೇಲನನ್ನು ಖಂಡಿಸುತ್ತ, ‘ನೇ’ ಎನ್ನಬೇಕಾದಲ್ಲಿ ‘ನೋ’ ಎಂದು ಬರೆದನೆಂದು ಹರಿಹಾಯ್ದಿದ್ದಾನೆ. ತಮಾಷೆಯೆಂದರೆ, ಆ ನಿಯಮವನ್ನು ವಿವರಿಸುವಾಗ ಮೋರನೇ ಎಡವಿದ್ದಾನೆ! ಮುಂದೆ ಆ ಜೋಡಿಗಳಲ್ಲಿ ಒಂದು ಬಳಕೆಯಿಂದ ಬಿದ್ದುಹೋಯಿತು. ಫ್ರೆಂಚರ ‘ಸೀ’, ಜರ್ಮನರ ‘ಡಾಖ್’ ಇನ್ನೂ ಉಳಿದಿವೆ. ನಕಾರದ ಪ್ರಶ್ನೆಯನ್ನು ಅಲ್ಲಗಳೆಯಲು ಅವರಿಗೆ ಬೇರೆಯೇ ಶಬ್ದವಿದೆ.

ಉತ್ತರದ ಮಾತು ಹೀಗಾಯಿತು. ಪ್ರಶ್ನೆಯ ಬಗೆಯೇ ಇನ್ನೂ ವಿಚಿತ್ರ. ಇಂಗ್ಲಿಷಿನ ನಿತ್ಯದ ಮಾತಿನಲ್ಲಿ ನಕಾರದ ಪ್ರಶ್ನೆ ಅನೇಕ ಸಲ ಪ್ರಶ್ನೆಯೇ ಆಗಿರುವುದಿಲ್ಲ. ‘ವೋಂಟ್ ಯೂ ಸಿಟ್ ಡೌನ್?’ ಎಂದರೆ ಆದರದ ಕರೆ. ನಮ್ಮ ‘ಕೂಡಬಾರದೇನ್ರಿ’ ಇದ್ದ ಹಾಗೆ. ‘ಡಿಡಂಟ್ ಐ ಟೆಲ್ ಯೂ?’ ಎಂದರೆ ಆಕ್ಷೇಪ. ‘ಈಸಂಟ್ ಇಟ್ ಹಾಟ್!’ ಎಂದರೆ ಬರಿಯ ಉದ್ಗಾರ. ‘ವೈ ಡೋಂಟ್ ಯೂ ಕಮ್ ಟುಮಾರೋ?’ ಎಂಬುದು ನಾಳೆ ಬನ್ನಿ ಎಂಬ ಸಲಹೆ. ಅದನ್ನು ಕಾರಣ ಕೇಳುವ ಪ್ರಶ್ನೆಯೆಂದು ತಿಳಿದು, ನಾಳೆ ಕಬ್ಬಿಗೆ ನೀರು ಹಾಯಿಸುವ ಪಾಳಿ ಇದೆ ಎಂದು ಒಬ್ಬ ಮೇಲಧಿಕಾರಿಗೆ ವಿವರವಾಗಿ ಉತ್ತರ ಕೊಟ್ಟವನು ನಾನೇ.

ಒಂದೇ ವಾಕ್ಯ ಎರಡು ಮನಸ್ಸುಗಳಿಂದ ಹೊರಡುವುದೂ ಉಂಟು. ‘ಆರಂಟ್ ಯೂ ಕಮಿಂಗ್ ಟೂ?’ ಎಂದರೆ, ನೀನೂ ಬರುವೆಯೆಂದು ನಂಬಿದ್ದೆನಲ್ಲ ಎಂಬ ಭಾವ. ‘ಆರಂಟ್ ಯೂ ಕಮಿಂಗ್ ಈದರ್?’ ಎಂದರೆ, ಓ, ನೀನೂ ಬಾರದವನೇ ಎಂಬ ಭಾವ. ಕೊನೆಯ ಒಂದು ಶಬ್ದ ಕೇಳುವವನ ನಿರೀಕ್ಷೆಯನ್ನೇ ತಿರುಗಿಸಿಬಿಡುತ್ತದೆ. ‘ಸಮ್’ ಮತ್ತು ‘ಎನಿ’ ಶಬ್ದಗಳೂ ಇದೇ ಕೆಲಸ ಮಾಡುತ್ತವೆ. ಚಹಾ ನೀಡುವವರು ‘ಡೋಂಟ್ ಯೂ ವಾಂಟ್ ಸಮ್ ಟೀ?’ ಎಂದರೆ ನೀವು ಕುಡಿಯಲಿ ಎಂಬ ಆಸೆ. ‘ಎನಿ’ ಎಂದರೆ ಬೇಡವೆಂದೇ ಊಹಿಸಿದ್ದಾರೆ.

ನಮ್ಮವರು ಇನ್ನೊಂದು ಕಡೆ ಎಡವುತ್ತಾರೆ, ಅದೂ ಸೌಜನ್ಯದಿಂದಲೇ. ನೆರೆಮನೆಗೆ ಹೋದ ಹೆಣ್ಣುಮಗಳು ‘ಒಂದ್ ವಾಟಿ ಸಕ್ಕರಿ ಇಲ್ಲೇನ್ರಿ ಅಕ್ಕಾರ?’ ಎನ್ನುತ್ತಾಳೆ. ಇಲ್ಲವೆನ್ನಲು ಆಕೆಗೂ ದಾರಿ ಇರಲಿ ಎಂಬ ಸಂಕೋಚ ಅದರಲ್ಲಿದೆ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಡೋಂಟ್ ಯೂ ಹ್ಯಾವ್ ಎ ಪೆನ್?’ ಎಂದರೆ, ಇಷ್ಟೂ ಇಟ್ಟುಕೊಂಡಿಲ್ಲವೇ ಎಂದು ಗದರಿದಂತೆ ಕೇಳುತ್ತದೆ. ನಾವು ಬಾಗಿ ನಿಂತೆವೆಂದು ಭಾವಿಸುತ್ತೇವೆ. ಅವರಿಗೆ ಬೆರಳು ತೋರಿಸಿದಂತೆ ಕಾಣುತ್ತದೆ.

ಈ ಅಪಾಯವನ್ನು ಬಲ್ಲವರು ಕೋರ್ಟಿನವರು. ಪಾಟೀ ಸವಾಲಿಗೆ ಸಾಕ್ಷಿದಾರ ಬರಿಯ ‘ಹೌದು’, ‘ಇಲ್ಲ’ ಎಂದರೆ ಬರೆದುಕೊಳ್ಳುವವರಿಗೆ ಸಾಲದು. ‘ನಾನು ಆ ದಿನ ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ’ ಎಂದು ಪೂರ್ತಿ ವಾಕ್ಯವಾಗಿಯೇ ಬರೆಯುತ್ತಾರೆ. ಓದಲು ತಿರುಚಿದಂತಿದ್ದರೂ ಆ ಮಾತಿಗೆ ಎರಡನೆಯ ಅರ್ಥವಿಲ್ಲ.

ಹಳ್ಳಿಯ ಮಾತಿನಲ್ಲೂ ಇದೇ ಜಾಣತನವಿದೆ. ಕನ್ನಡದ ‘ಇಲ್ಲ’ ಎಂಬುದೂ ಒಮ್ಮೊಮ್ಮೆ ಎರಡು ಕಡೆ ವಾಲುತ್ತದೆ. ಆದುದರಿಂದಲೇ ನಾವು ಅಲ್ಲಿಗೆ ನಿಲ್ಲದೆ ‘ಇಲ್ಲ, ಬರತೇನಿ’ ಎಂದೋ ‘ಇಲ್ಲ, ಬರೂದಿಲ್ಲ’ ಎಂದೋ ಕ್ರಿಯಾಪದವನ್ನು ಕೂಡಿಸುತ್ತೇವೆ. ಆ ಬೆಳಿಗ್ಗೆ ನಾನು ಬಿಟ್ಟದ್ದು ಅದೊಂದನ್ನೇ.

ಮರುದಿನ ಅದೇ ವೈದ್ಯರು ಬಂದು ಅದೇ ಪ್ರಶ್ನೆಯನ್ನು ಕೇಳಿದರು. ‘ನೋ ಸರ್, ಷಿ ಹ್ಯಾಸ್ ನಾಟ್ ಈಟನ್’ ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. ಚಿಗವ್ವ ಮಂಚದ ಮೇಲಿಂದಲೇ ಗಾಬರಿಯಾಗಿ, ‘ಮತ್ತ ನೋ ಅಂದ್ಯಲ್ಲೋ, ಇವತ್ತೂ ಮಾಡೂದಿಲ್ಲೇನ?’ ಎಂದಳು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ‘ಮಾಡತಾರವ್ವಾ’ ಎಂದೆ.